ಗಾಜಿನ ನಳಿಕೆ ಇಟ್ಟುಕೊಂಡ ದವಾಖಾನೆ

ಡಾಕ್ಟರಿಕೆ ಓದಲು ಹೋದ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ನಾನು ಮೊದಲು ಕಲಿತ ವೈದ್ಯಕೀಯ ವಾಕ್ಯ 'ಗ್ದ್ಯೆ ಬಲೀತ್'. ರಷ್ಯನ್ ಭಾಷೆಯಲ್ಲಿ ಎಲ್ಲಿ ನೋವು ಎಂದು ಅರ್ಥ. ರೋಗಿ ಕೊಟ್ಟ ಉತ್ತರದಲ್ಲಿ ಅರ್ಧ ನನಗೆ ತಿಳಿಯುತ್ತಿರಲಿಲ್ಲ. ಉಳಿದರ್ಧವನ್ನು ನಮ್ಮ ಶಿಕ್ಷಕಿ ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ತರಗತಿಯ ಹೊತ್ತು ಮುಗಿಯುತ್ತಿತ್ತು. ಹದಿನೆಂಟು ಜನ ಒಂದೇ ಮಂಚದ ಸುತ್ತ ನಿಂತು, ಒಬ್ಬ ಕಿರ್ಗಿಜ್ ಮುದುಕನ ಹೊಟ್ಟೆಯನ್ನು ಸರದಿಯ ಮೇಲೆ ಮುಟ್ಟಿ ನೋಡುತ್ತಿದ್ದೆವು. ಐದನೆಯವರ ಹೊತ್ತಿಗೆ ಆತ ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ಹೊರಳುತ್ತಿದ್ದ. ನಾನು ಸಾಮಾನ್ಯವಾಗಿ ಒಂಬತ್ತನೆಯವಳು.

ವಿದೇಶದಲ್ಲಿ ಓದಿ ಬಂದವರಿಗೆ ಇಲ್ಲಿ ಎಫ್‌ಎಂಜಿಇ ಎಂಬ ಅರ್ಹತಾ ಪರೀಕ್ಷೆಯ ಹೊಸ್ತಿಲಿದೆ. 300 ಪ್ರಶ್ನೆ, 150 ಸರಿಯಾದರೆ ಪಾಸು. ನಾನು ಎರಡನೆಯ ಸಲಕ್ಕೆ ದಾಟಿದೆ. ಆಮೇಲೆ ರಾಜ್ಯ ವೈದ್ಯಕೀಯ ಪರಿಷತ್ತಿನ ತಾತ್ಕಾಲಿಕ ನೋಂದಣಿ, ಕೋವಿಡ್ ಕಾಲದ ಆನ್‌ಲೈನ್ ಪಾಠಗಳಿಗೆ ಬದಲಾಗಿ ನೇರ ತರಗತಿ ನಡೆದಿವೆ ಎಂಬ ವಿಶ್ವವಿದ್ಯಾಲಯದ ಪತ್ರ, ಅದಕ್ಕೆ ಮುದ್ರೆ, ಮುದ್ರೆಗೆ ಇನ್ನೊಂದು ಮುದ್ರೆ. ಕಾಗದದ ಕತೆ ನಮ್ಮಂಥವರೆಲ್ಲರದೂ ಒಂದೇ, ಬಿಡಿ. ಕಾಗದ ಮುಗಿದ ಮೇಲೆ ಉಳಿದದ್ದು, ಕಡ್ಡಾಯ ಇಂಟರ್ನ್‌ಶಿಪ್‌ನ ಹನ್ನೆರಡು ತಿಂಗಳನ್ನು ಯಾವ ಆಸ್ಪತ್ರೆಯಲ್ಲಿ ಕಳೆಯುವುದು ಎಂಬ ಪ್ರಶ್ನೆ. ವೈದ್ಯಕೀಯ ಕಾಲೇಜುಗಳಲ್ಲಿ ವಿದೇಶಿ ಪದವೀಧರರಿಗೆ ಸೀಟುಗಳ ಶೇ 7.5ರಷ್ಟು ಜಾಗವನ್ನಷ್ಟೇ ಕೊಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಮಿತಿ ಹಾಕಿದೆ. 150 ಸೀಟಿನ ಕಾಲೇಜಿನಲ್ಲಿ ಅದು 11 ಜನಕ್ಕೆ ಬರುತ್ತದೆ. ಬೇಕೆಂದದ್ದು ಸಿಕ್ಕೇ ಸಿಗುತ್ತದೆ ಎಂದಿಲ್ಲ. ಆದರೂ ಮೊದಲ ಸಾಲಿನಲ್ಲಿ ಯಾವ ಹೆಸರು ಬರೆಯಬೇಕು ಎನ್ನುವುದನ್ನಾದರೂ ನಾನೇ ತೀರ್ಮಾನಿಸಬಹುದಿತ್ತು.

ನಮ್ಮ ಮನೆ ಶಹಾಪುರದಲ್ಲಿ, ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಕಡೆಗೆ. ಅಪ್ಪನಿಗೆ ನಾನು ಯಾದಗಿರಿಯಲ್ಲೇ ಇರಬೇಕೆಂಬ ಆಸೆ. ಆದರೆ ಅಲ್ಲಿನ ವೈದ್ಯಕೀಯ ಕಾಲೇಜು ಶುರುವಾದದ್ದು 2022ರಲ್ಲಿ, ಮೊದಲ ತಂಡ ಇನ್ನೂ ಓದುತ್ತಿತ್ತು. ಕೇಳಿ ತಿಳಿಯಲು ಹಿಂದಿನ ಇಂಟರ್ನ್‌ಗಳೇ ಇರಲಿಲ್ಲ. ಬೀದರಿನಲ್ಲಿ ಬ್ರಿಮ್ಸ್ ಇದೆ. ಕಲಬುರಗಿಯಲ್ಲಂತೂ ನಾಲ್ಕು: 1963ರ ಮಹಾದೇವಪ್ಪ ರಾಂಪುರೆ ಕಾಲೇಜು, ಖಾಜಾ ಬಂದಾನವಾಜ್ ಸಂಸ್ಥೆ, ಸೇಡಂ ರಸ್ತೆಯ ಇಎಸ್‌ಐ ಕಾಲೇಜು ಮತ್ತು ಜಿಮ್ಸ್. ಇವುಗಳಲ್ಲಿ ನಾನು ಎಲ್ಲಿ ಸೇರಿದೆ ಎಂದು ಇಲ್ಲಿ ಬರೆಯುವುದಿಲ್ಲ. ಒಂದು ವಿಭಾಗದ ಮುಖ್ಯಸ್ಥರು ನಿವೃತ್ತರಾದರೆ, ಇಬ್ಬರು ಸೀನಿಯರ್ ರೆಸಿಡೆಂಟ್ ವೈದ್ಯರು ಬಿಟ್ಟು ಹೋದರೆ, ಒಳ್ಳೆಯ ಆಸ್ಪತ್ರೆ ಆರು ತಿಂಗಳಲ್ಲಿ ಸಾಧಾರಣವಾಗುತ್ತದೆ. ನನ್ನ ಮಾತು ನಂಬಿ ಯಾರೋ ಅಲ್ಲಿ ಹೋಗಿ ಕೂರುವುದು ಬೇಡ.

ಸಲಹೆಗಳಿಗೇನೂ ಬರವಿರಲಿಲ್ಲ. ಜೊತೆಗೆ ಓದಿದವರು, 'ಡ್ಯೂಟಿ ಕಡಿಮೆ ಇರುವ ಕಡೆ ಹಾಕು, ಪಿಜಿ ನೀಟ್‌ಗೆ ಓದಬಹುದು' ಎಂದರು. ಅದರಲ್ಲಿ ಸುಳ್ಳಿಲ್ಲ. ಹಾಗೆ ಮಾಡಿ ಒಳ್ಳೆಯ ರ‍್ಯಾಂಕ್ ತೆಗೆದವರನ್ನು ನಾನು ಬಲ್ಲೆ. ಆದರೆ ಐದು ವರ್ಷ ಮಂಚದ ಸುತ್ತ ಒಂಬತ್ತನೆಯವಳಾಗಿ ನಿಂತವಳಿಗೆ ಇನ್ನೊಂದು ವರ್ಷ ಗ್ರಂಥಾಲಯದಲ್ಲಿ ಕಳೆಯುವ ಧೈರ್ಯ ಬರಲಿಲ್ಲ. ಸೋದರಮಾವ ಮಾತ್ರ, 'ದೊಡ್ಡ ದವಾಖಾನೆ ನೋಡಿಕೋ, ಹಾಸಿಗೆ ಜಾಸ್ತಿ ಇರಬೇಕು' ಎಂದ. ಅವನ ಮಾತು ಅರ್ಧ ನಿಜ. ಹಾಸಿಗೆಯ ಜೊತೆಗೆ ಅದರ ಮೇಲೆ ಮಲಗಿದವರನ್ನೂ ನೋಡಬೇಕಿತ್ತು.

ಇದು ಗೊತ್ತಾದದ್ದು ನಮ್ಮ ಭಾಗದ ಹೊರಗಿನ ಒಂದು ಆಸ್ಪತ್ರೆಗೆ ಹೋದಾಗ. ಹೊಳೆಯುವ ಕಟ್ಟಡ, ಎತ್ತರದ ಗಾಜಿನ ಮುಂಬಾಗಿಲು. ಬೆಳಿಗ್ಗೆ ಹತ್ತೂವರೆಗೆ ಪುರುಷರ ವಾರ್ಡಿನಲ್ಲಿ ಹಾಸಿಗೆಗಳು ಅರ್ಧಕ್ಕರ್ಧ ಖಾಲಿ. ಮಲಗಿದ್ದವರಲ್ಲಿ ಇಬ್ಬರು ಇಸ್ಪೀಟು ಆಡುತ್ತಿದ್ದರು. ಮಂಚದ ಕೆಳಗೆ ಚಪ್ಪಲಿ ಇತ್ತು, ಬುತ್ತಿ ಡಬ್ಬಿ ಇರಲಿಲ್ಲ. ರೋಗಿಯ ಹಾಸಿಗೆಯ ಕೆಳಗೆ ಡಬ್ಬಿ, ನೀರಿನ ಕ್ಯಾನು, ಮಡಚಿದ ಚಾಪೆ, ಕಾಯಲು ಬಂದ ಅಕ್ಕನೋ ಅಳಿಯನೋ ಇದ್ದೇ ಇರುತ್ತಾರೆ. ಅವು ಯಾವುವೂ ಇಲ್ಲದ ವಾರ್ಡನ್ನು ಕಂಡಾಗ ನನಗೆ ಅನುಮಾನ ಬಂತು. ಕಚೇರಿಯಲ್ಲಿ ಗುಮಾಸ್ತರೊಬ್ಬರು 'ಅಭಿವೃದ್ಧಿ ಶುಲ್ಕ' ಎಂದು ಒಂದು ಮೊತ್ತ ಹೇಳಿದಾಗ ಅನುಮಾನ ತೀರಿತು. ವಿದೇಶಿ ಪದವೀಧರರಿಂದ ಇಂಟರ್ನ್‌ಶಿಪ್‌ಗೆ ಹಣ ವಸೂಲು ಮಾಡುವಂತಿಲ್ಲ ಎಂದು ಆಯೋಗವೇ ಹೇಳಿದೆ. ಆ ಸುತ್ತೋಲೆಯ ಪ್ರತಿ ನನ್ನ ಚೀಲದಲ್ಲಿತ್ತು. ತೆಗೆದು ತೋರಿಸುವ ಗೋಜಿಗೆ ಹೋಗದೆ ಬಸ್ ಹತ್ತಿದೆ.

ಮುಂದಿನ ಎರಡು ವಾರ ಆಸ್ಪತ್ರೆಗಳನ್ನು ನೋಡುವುದೇ ಕೆಲಸವಾಯಿತು. ಶಹಾಪುರದಿಂದ ಜೇವರ್ಗಿ ಮೇಲೆ ಕಲಬುರಗಿಗೆ ಬಸ್ಸು, ಸಂಜೆ ವಾಪಸು. ಒಮ್ಮೆ ಚಿಕ್ಕಮ್ಮನ ಮನೆಯಲ್ಲಿ ಉಳಿದು ರಾತ್ರಿಯೂ ಹೋದೆ. ಡೀನ್ ಕಚೇರಿಗೆ ಹೋಗಲಿಲ್ಲ. ಹೊರರೋಗಿ ವಿಭಾಗದ ಬೆಂಚಿನಲ್ಲಿ, ಔಷಧಿ ಕಿಟಕಿಯ ಸಾಲಿನಲ್ಲಿ, ಹೆರಿಗೆ ವಾರ್ಡಿನ ಹೊರಗೆ ಬಾಣಂತಿಯರ ತಾಯಂದಿರ ನಡುವೆ ಕುಳಿತೆ. ಅಲ್ಲಿ ಒಂದು ಗಂಟೆ ಕುಳಿತರೆ ಸಾಕು. ಯಾವ ಡಾಕ್ಟರು ಬಯ್ಯುತ್ತಾರೆ, ಯಾರು ರಾತ್ರಿ ಬರುತ್ತಾರೆ, ಯಾವ ವಾರ ರಕ್ತ ಸಿಗಲಿಲ್ಲ, ಎಲ್ಲವೂ ಕಿವಿಗೆ ಬೀಳುತ್ತದೆ.

ಒಂದು ಕಡೆ ಹೆರಿಗೆ ಕೋಣೆಯ ಹಿರಿಯ ನರ್ಸ್ ಒಬ್ಬರನ್ನು ಮಾತಿಗೆಳೆದು, 'ಇಂಟರ್ನ್‌ಗಳು ರಾತ್ರಿ ಎಷ್ಟು ಹೆರಿಗೆ ಮಾಡಿಸುತ್ತಾರೆ ಸಿಸ್ಟರ್?' ಎಂದೆ.

'ಮಾಡಿಸುವುದಿರಲಿ, ಎಚ್ಚರವಿದ್ದರೆ ಸಾಕು.'

ಆಮೇಲೆ ಅವರೇ ಬಿಡಿಸಿ ಹೇಳಿದರು. ಅಲ್ಲಿ ಪಿಜಿಗಳು, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿಗಳು ಬಹಳ. ಪ್ರತಿ ಹೆರಿಗೆಯೂ ಅವರ ಲೆಕ್ಕಕ್ಕೆ ಬೇಕು. ಹೀಗಾಗಿ ಇಂಟರ್ನ್‌ಗೆ ಉಳಿಯುವುದು ರಕ್ತದ ಮಾದರಿ ಎಳೆದು ಲ್ಯಾಬಿಗೆ ಒಯ್ಯುವುದು, ಡಿಸ್ಚಾರ್ಜ್ ಚೀಟಿ ಬರೆಯುವುದು. ಇದಕ್ಕೆ ತದ್ವಿರುದ್ಧವಾದ ಜಾಗವನ್ನೂ ನೋಡಿದೆ. ಅಲ್ಲಿ ಪಿಜಿಗಳೇ ಇಲ್ಲ, ಇಂಟರ್ನ್‌ಗಳ ಕೈತುಂಬ ಕೆಲಸ. ಆದರೆ ರಾತ್ರಿ ಹನ್ನೊಂದರ ಮೇಲೆ ಹಿರಿಯರು ಫೋನಿನಲ್ಲಿ ಮಾತ್ರ ಸಿಗುತ್ತಾರೆ. ಅಲ್ಲಿದ್ದ ಹುಡುಗನೊಬ್ಬ, 'ನಾನೇ ಕಲಿತೆ' ಎಂದು ಹೆಮ್ಮೆಯಿಂದ ಹೇಳಿಕೊಂಡ. ತಪ್ಪನ್ನೂ ತಾನೇ ಕಲಿತಿರಬಹುದು ಎಂದುಕೊಂಡೆ, ಹೇಳಲಿಲ್ಲ. ಕೈಗೆ ಕೆಲಸ ಸಿಗಬೇಕು, ಬೆನ್ನ ಹಿಂದೆ ತಿಳಿದವರು ನಿಂತಿರಬೇಕು. ಇವೆರಡೂ ಒಂದೇ ಸೂರಿನಡಿ ಇರುವ ಜಾಗ ನನಗೆ ಬೇಕಿತ್ತು. ಅಂಥ ಜಾಗ ಕಡಿಮೆ.

ಅಮ್ಮನ ಪ್ರಶ್ನೆ ಒಂದೇ: 'ರಾತ್ರಿ ಮಲಗುವ ಕೋಣೆಗೆ ಚಿಲಕ ಇದೆಯೇ?' 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆಸ್ಪತ್ರೆಯೊಳಗೇ ಒಬ್ಬ ಯುವ ವೈದ್ಯೆಯ ಮೇಲೆ ಅತ್ಯಾಚಾರ ನಡೆದು ಕೊಲೆಯಾದ ಮೇಲೆ ಈ ಪ್ರಶ್ನೆಗೆ ನಗುವಂತಿರಲಿಲ್ಲ. ನೋಡಿದ ಕಡೆಯಲ್ಲೆಲ್ಲ ಮಹಿಳಾ ಇಂಟರ್ನ್‌ಗಳ ಡ್ಯೂಟಿ ಕೋಣೆ ಕೇಳಿ ನೋಡಿದೆ. ಒಂದು ಕಡೆ ಚಿಲಕದ ಕೊಂಡಿಯನ್ನು ಬ್ಯಾಂಡೇಜ್ ಬಟ್ಟೆಯಿಂದ ಕಟ್ಟಿದ್ದರು. ಆ ಹೆಸರನ್ನು ಅಲ್ಲಿಯೇ ಹೊಡೆದು ಹಾಕಿದೆ.

ಕೊನೆಗೆ ನನ್ನ ಮೊದಲ ಸಾಲನ್ನು ಬರೆಸಿದ್ದು ಒಂದು ಗಾಜಿನ ನಳಿಕೆ. ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದ ಆ ರಾತ್ರಿ ಹನ್ನೊಂದರ ಸುಮಾರಿಗೆ ತುರ್ತು ಚಿಕಿತ್ಸಾ ಘಟಕದ ಹೊರಗಿನ ಬೆಂಚಿನಲ್ಲಿ ಕುಳಿತಿದ್ದೆ. ತೊಗರಿ ಹೊಲದಲ್ಲಿ ಹಾವು ಕಚ್ಚಿದ ಹೆಂಗಸನ್ನು ಟಂಟಂ ಆಟೊದಲ್ಲಿ ಕರೆತಂದರು. ಪಾದ ಊದಿತ್ತು, ಮೊಣಕಾಲಿನ ಕೆಳಗೆ ಸೀರೆಯ ಅಂಚಿನಿಂದ ಬಿಗಿದಿದ್ದರು. ಇಂಟರ್ನ್ ಹುಡುಗಿ ರಕ್ತ ಎಳೆದು, ಕೈಗೆ ಸಿಕ್ಕ ಪ್ಲಾಸ್ಟಿಕ್ ನಳಿಕೆಗೆ ಹಾಕಲು ಹೋದಳು. ಪಕ್ಕದಲ್ಲಿದ್ದ ಸೀನಿಯರ್ ರೆಸಿಡೆಂಟ್ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿ, ತಮ್ಮ ಮೇಜಿನ ಖಾನೆಯಿಂದ ಕಾಗದದಲ್ಲಿ ಸುತ್ತಿದ ಗಾಜಿನ ನಳಿಕೆ ತೆಗೆದು ಕೊಟ್ಟರು. ಎರಡು ಮಿಲಿಲೀಟರ್ ರಕ್ತ. ಪ್ಲಾಸ್ಟರ್ ತುಂಡಿನ ಮೇಲೆ ಗಂಟೆ ಬರೆದು ನಳಿಕೆಗೆ ಅಂಟಿಸಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು. 'ಇಪ್ಪತ್ತು ನಿಮಿಷ ಯಾರೂ ಮುಟ್ಟಬೇಡಿ, ಅಲ್ಲಾಡಿಸಲೂಬೇಡಿ' ಎಂದರು.

ಮಂಡಲದ ಹಾವುಗಳ ವಿಷ ಏರಿದ್ದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಅದನ್ನು ಮಂಚದ ಪಕ್ಕದಲ್ಲೇ ತಿಳಿಯಲು ಇದು ಅಗ್ಗದ, ಸುಲಭದ ಪರೀಕ್ಷೆ. ಆದರೆ ನಳಿಕೆ ಗಾಜಿನದೇ ಆಗಿರಬೇಕು, ಒಣಗಿರಬೇಕು, ಸೋಪಿನ ಪುಡಿಯಿಂದ ತೊಳೆದಿರಬಾರದು. ಗಾಜು ತಗುಲಿದರೆ ರಕ್ತ ಹೆಪ್ಪುಗಟ್ಟಲು ತೊಡಗುತ್ತದೆ, ಪ್ಲಾಸ್ಟಿಕ್‌ನಲ್ಲಿ ವಿಷವಿಲ್ಲದ ರಕ್ತವೂ ನೀರಾಗಿಯೇ ಉಳಿದು ದಾರಿ ತಪ್ಪಿಸಬಹುದು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಸರಿ ಉತ್ತರವನ್ನೂ ಬರೆದಿದ್ದೆ. ಕಣ್ಣಾರೆ ಕಂಡದ್ದು ಆಗಲೇ. ಇಪ್ಪತ್ತು ನಿಮಿಷ ಕಳೆದ ಮೇಲೆ ಅವರು ಇಂಟರ್ನ್‌ಳನ್ನೇ ಕರೆದು, 'ನೀನೇ ಓರೆ ಮಾಡಿ ನೋಡು' ಎಂದರು. ಅವಳು ನಳಿಕೆಯನ್ನು ಬಾಗಿಸಿದಳು. ರಕ್ತ ಗಾಜಿನ ಗೋಡೆಯ ಮೇಲೆ ಎಣ್ಣೆಯಂತೆ ಜಾರಿತು. 'ಹತ್ತು ವಯಲ್' ಎಂದು ಅವರು ಹೇಳುವ ಮೊದಲೇ ನರ್ಸ್ ಹಾವಿನ ವಿಷಕ್ಕೆ ಕೊಡುವ ಮದ್ದು ತರಲು ಫ್ರಿಜ್ಜಿನ ಕಡೆ ಹೊರಟಿದ್ದರು.

ಖಾನೆಯಲ್ಲಿ ನಳಿಕೆ ಇಟ್ಟುಕೊಂಡವರು, ಇಂಟರ್ನ್ ಕೈಯಲ್ಲೇ ಅದನ್ನು ಓರೆ ಮಾಡಿಸಿದವರು. ಮರುದಿನ ಅರ್ಜಿಯ ಮೊದಲ ಸಾಲಿನಲ್ಲಿ ಆ ಆಸ್ಪತ್ರೆಯ ಹೆಸರು ಬರೆದೆ, ಅದೃಷ್ಟಕ್ಕೆ ಅದೇ ಸಿಕ್ಕಿತು.

ಇಂಟರ್ನ್‌ಶಿಪ್‌ನ ಹಂಚಿಕೆ ಮುಖ್ಯವಾಗಿ ಹೀಗಿದೆ: ಸಮುದಾಯ ವೈದ್ಯಶಾಸ್ತ್ರಕ್ಕೆ 12 ವಾರ, ಪ್ರಸೂತಿಗೆ 7, ಜನರಲ್ ಮೆಡಿಸಿನ್ ಮತ್ತು ಸರ್ಜರಿಗೆ ತಲಾ 6, ಮಕ್ಕಳ ವಿಭಾಗಕ್ಕೆ 3, ತುರ್ತು ಘಟಕಕ್ಕೆ ಬರೀ 2. ಹೀಗಾಗಿ ತುರ್ತು ಚಿಕಿತ್ಸೆ ಕಲಿಯುವುದು ಆ ಎರಡು ವಾರಗಳಲ್ಲಲ್ಲ, ಮೆಡಿಸಿನ್ ವಿಭಾಗದ ರಾತ್ರಿ ಪಾಳಿಗಳಲ್ಲಿ. ಹತ್ತಿ, ತೊಗರಿಗೆ ಹೊಡೆಯುವ ಕೀಟನಾಶಕ ಕುಡಿದು ಬಂದವರಿಗೆ ಆ ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಡುತ್ತಾ ಎದೆಯಲ್ಲಿ ತುಂಬಿದ ನೀರು ಒಣಗಿತೇ, ನಾಡಿ ಏರಿತೇ ಎಂದು ಹತ್ತು ನಿಮಿಷಕ್ಕೊಮ್ಮೆ ನೋಡುತ್ತಾ ಬೆಳಗು ಮಾಡಿದ ರಾತ್ರಿಗಳು ಎಷ್ಟೋ. ಹಾವು ಕಡಿತವನ್ನು ಕರ್ನಾಟಕ 2024ರ ಫೆಬ್ರುವರಿಯಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು. ಆ ನಮೂನೆ ತುಂಬುವ ಕೆಲಸವೂ ನಮ್ಮ ಪಾಲಿಗೇ ಬಂತು.

ಭಾಷೆಯ ಲಾಭವನ್ನು ನಾನು ಮೊದಲೇ ಲೆಕ್ಕ ಹಾಕಿರಲಿಲ್ಲ. 'ಕೈಕಾಲಲ್ಲಿ ಕಸುವಿಲ್ಲ', 'ಬಿಳುಪು ಹೋಗುತ್ತದೆ', 'ಕಣ್ಣಿಗೆ ಕತ್ತಲೆ ಬರುತ್ತದೆ' ಎಂದರೆ ನನಗೆ ಅನುವಾದ ಬೇಕಿರಲಿಲ್ಲ. ಪಕ್ಕದ ಮಂಚದವರು ದಖನಿ ಉರ್ದುವಿನಲ್ಲಿ ಮಾತಾಡಿದರೂ ನಡೆಯುತ್ತಿತ್ತು. ತಾಂಡಾದಿಂದ ಬಂದ ಅಜ್ಜಿಯರ ಲಂಬಾಣಿ ಮಾತ್ರ ಮೊಮ್ಮಕ್ಕಳ ಬಾಯಿಂದಲೇ ಬರಬೇಕಿತ್ತು. ಮಂಗಳೂರಿನ ಸಹಪಾಠಿಯೊಬ್ಬಳು ಮೊದಲ ತಿಂಗಳು ನನ್ನನ್ನು ಕೇಳದೆ ಒಂದು ರೋಗ ಚರಿತ್ರೆಯನ್ನೂ ಬರೆಯಲಿಲ್ಲ.

ಲೆಕ್ಕ ತಪ್ಪಿದ ಕಡೆಗಳೂ ಇವೆ. ಎದೆ ನೋವು ಎಂದರೆ ಕಲಬುರಗಿಯ ಜನ ಈಗ ನೇರವಾಗಿ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗುತ್ತಾರೆ. 2024ರ ಡಿಸೆಂಬರ್‌ನಲ್ಲಿ ಅದರ ಹೊಸ ಕಟ್ಟಡ ಉದ್ಘಾಟನೆಯಾಯಿತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ನೆನಪಿಗೆ ಹಾಸಿಗೆಗಳೂ 371. ರೋಗಿಗಳಿಗೆ ಇದಕ್ಕಿಂತ ಒಳ್ಳೆಯದು ಇನ್ನೇನಿದೆ? ಆದರೆ ನನ್ನ ಪಾಲಿಗೆ ಬಂದ ಹೃದಯಾಘಾತದ ಇಸಿಜಿಗಳು ಬೆರಳೆಣಿಕೆಯಷ್ಟು. ಊರಿನಲ್ಲಿ ವಿಶೇಷ ಆಸ್ಪತ್ರೆ ಇದ್ದರೆ ಆ ಜಾತಿಯ ರೋಗಿಗಳು ಸಾಮಾನ್ಯ ಆಸ್ಪತ್ರೆಗೆ ಕಡಿಮೆ ಬರುತ್ತಾರೆ ಎನ್ನುವುದು ಬೆಂಚಿನಲ್ಲಿ ಕುಳಿತಾಗ ನನಗೆ ಹೊಳೆದಿರಲಿಲ್ಲ. ಸ್ಟೈಪೆಂಡ್ ವಿಷಯವನ್ನೂ ಕೇಳಿರಲಿಲ್ಲ. ನಿಯಮದಲ್ಲಿ ಇರುವುದು ಬೇರೆ, ಯಾವ ತಿಂಗಳದ್ದು ಯಾವ ತಿಂಗಳು ಕೈಗೆ ಬರುತ್ತದೆ ಎನ್ನುವುದು ಬೇರೆ. ಹಿಂದಿನ ತಂಡದವರನ್ನು ಕೇಳಿದ್ದರೆ ಮನೆ ಬಾಡಿಗೆಗೆ ಅಪ್ಪನ ಮುಂದೆ ಕೈ ಚಾಚಬೇಕಿರಲಿಲ್ಲ.

ದೊಡ್ಡ ತಪ್ಪು ಇನ್ನೊಂದು. ಹೆರಿಗೆ ಎಷ್ಟು ಎಂದು ಕೇಳಿದ್ದೆ, ಹುಟ್ಟಿದ ಮಗು ಯಾರ ಕೈಗೆ ಹೋಗುತ್ತದೆ ಎಂದು ಕೇಳಿರಲಿಲ್ಲ. ಅಲ್ಲಿ ಮಗು ಹೊರಬಂದ ಕೂಡಲೇ ಮಕ್ಕಳ ವಿಭಾಗದ ಪಿಜಿ ಎತ್ತಿಕೊಂಡು ಹೋಗುತ್ತಿದ್ದರು. ನಾನು ಹೆರಿಗೆಗಳನ್ನು ಮಾಡಿಸಿದೆ, ಹರಿದದ್ದನ್ನು ಹೊಲಿದೆ. ಅಳದ ಮಗುವಿನ ಮೂಗುಬಾಯಿಗೆ ಮಾಸ್ಕ್ ಒತ್ತಿ ಉಸಿರು ಕೊಡುವುದನ್ನು ಮಾತ್ರ ತರಬೇತಿಯ ಗೊಂಬೆಯ ಮೇಲಷ್ಟೇ ಮಾಡಿದ್ದೆ.

ಈಗ ಯಾದಗಿರಿ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗುತ್ತಿಗೆಯ ಮೇಲೆ ಕೆಲಸದಲ್ಲಿದ್ದೇನೆ. ಮೇಜಿನ ಖಾನೆಯಲ್ಲಿ ನಾಲ್ಕು ಗಾಜಿನ ನಳಿಕೆಗಳಿವೆ. ಕಳೆದ ತಿಂಗಳು ಒಂದು ಮಗು ಹುಟ್ಟಿ ಅಳಲಿಲ್ಲ. ನಮ್ಮ ಸ್ಟಾಫ್ ನರ್ಸ್ ನನ್ನ ಕೈಯಿಂದ ಮಾಸ್ಕ್ ಕಿತ್ತುಕೊಂಡು, ಗದ್ದ ಎತ್ತಿ, ಎದೆ ಏಳುವುದನ್ನು ನೋಡುತ್ತಾ ಮಾಸ್ಕಿಗೆ ಜೋಡಿಸಿದ ಗಾಳಿಚೀಲ ಅದುಮಿದರು. ಅರ್ಧ ನಿಮಿಷದಲ್ಲಿ ಮಗು ಅತ್ತಿತು. ನಾನು ಬೆವರು ಒರೆಸಿಕೊಂಡೆ. ಜಿಲ್ಲಾ ಮಟ್ಟದಲ್ಲಿ ನವಜಾತ ಶಿಶು ಸುರಕ್ಷಾ ತರಬೇತಿ ಇದೆಯೆಂದು ಅವರೇ ಹೇಳಿದರು. ಹೆಸರು ಕೊಟ್ಟಿದ್ದೇನೆ. ಅಲ್ಲಿಯವರೆಗೆ ಮಧ್ಯಾಹ್ನದ ಹೊತ್ತು ಅವರೇ ನನಗೆ ಗೊಂಬೆ ಹಿಡಿದು ಪಾಠ ಮಾಡುತ್ತಿದ್ದಾರೆ.