ಜರ್ಮನ್ ಭಾಷೆಯನ್ನು ತಾವಾಗಿಯೇ ಕಲಿಯುವವರಿಗೆ ಒಂದು ಸಲಹೆ

ನರ್ಸಿಂಗ್ ಮುಗಿಸಿ ಜರ್ಮನಿಗೆ ಹೊರಡಲು ಸಿದ್ಧರಾಗುತ್ತಿರುವ ಮಂಗಳೂರು, ಉಡುಪಿ ಕಡೆಯ ಅನೇಕರು ಮೊದಲು ಎಡವುವುದು ನಾಮಪದಗಳ ಲಿಂಗದಲ್ಲಿ. ಕನ್ನಡದಲ್ಲಿ ಮೇಜು, ಬಾಗಿಲು, ಕಿಟಕಿ ಎಲ್ಲವೂ ನಪುಂಸಕಲಿಂಗ. ಜರ್ಮನ್‌ನಲ್ಲಿಯಾದರೋ ಮೇಜು ಪುಲ್ಲಿಂಗ, ಬಾಗಿಲು ಸ್ತ್ರೀಲಿಂಗ, ಕಿಟಕಿ ನಪುಂಸಕ, ಸಾಲದ್ದಕ್ಕೆ ಹುಡುಗಿ ಎಂಬರ್ಥದ 'ಮೇಡ್ಶೆನ್' ಕೂಡ ನಪುಂಸಕ! (ಮನೆಮಾತು ಕೊಂಕಣಿಯಾದವರಿಗೆ ವಸ್ತುಗಳಿಗೂ ಲಿಂಗವಿರುವುದು ಹೊಸತಲ್ಲ.) ಆದ್ದರಿಂದ 'ಟಿಶ್' (ಮೇಜು) ಎಂದಷ್ಟೇ ಬರೆದುಕೊಳ್ಳದೆ, 'ಡೇರ್ ಟಿಶ್', 'ಡೀ ಟ್ಯೂರ್', 'ದಾಸ್ ಫೆನ್ಸ್ಟರ್' ಎಂದು ಲಿಂಗ ಸೂಚಿಸುವ ಪದದ (ಪುಲ್ಲಿಂಗಕ್ಕೆ ಡೇರ್, ಸ್ತ್ರೀಲಿಂಗಕ್ಕೆ ಡೀ, ನಪುಂಸಕಕ್ಕೆ ದಾಸ್) ಜೊತೆಯಾಗಿಯೇ, ಲಿಂಗಕ್ಕೊಂದರಂತೆ ಮೂರು ಬಣ್ಣದ ಶಾಯಿಯಲ್ಲಿ ಬರೆದು, ಗಟ್ಟಿಯಾಗಿ ಓದಿ ಬಾಯಿಪಾಠ ಮಾಡುವುದು ಒಳ್ಳೆಯದು.

ವಾಕ್ಯರಚನೆಯಲ್ಲಿ ನಮಗೊಂದು ಅನುಕೂಲವಿದೆ. 'ಏಕೆಂದರೆ' ಎಂಬರ್ಥದ 'ವೈಲ್' ಬಂದ ಉಪವಾಕ್ಯದಲ್ಲಿ ಕ್ರಿಯಾಪದವು ಕನ್ನಡದಂತೆ ಕೊನೆಗೆ ಹೋಗುವುದರಿಂದ, ಅಂಥ ವಾಕ್ಯಗಳನ್ನು ಇಂಗ್ಲಿಷಿನ ಮೂಲಕ ಕಟ್ಟುವುದಕ್ಕಿಂತ ಕನ್ನಡದಲ್ಲಿ ಯೋಚಿಸಿ ಕಟ್ಟುವುದು ಸುಲಭ.

ಕೇಳುವ ಅಭ್ಯಾಸಕ್ಕೆ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲ್ಲೆಯ ಉಚಿತ ಪಾಠಗಳು ಎ1 (ಆರಂಭಿಕ) ಮಟ್ಟದಿಂದ ಬಿ1 (ಮಧ್ಯಮ) ಮಟ್ಟದವರೆಗೆ ಲಭ್ಯವಿದ್ದು, ಉಡುಪಿಯಿಂದ ಮಂಗಳೂರಿಗೆ ದಿನವೂ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಓಡಾಡುವವರು ಒಂದೇ ಪಾಠವನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕೇಳಬಹುದು. ನರ್ಸಿಂಗ್ ಕೆಲಸಕ್ಕೆ ಸಾಮಾನ್ಯವಾಗಿ ಅದರ ಮುಂದಿನ ಬಿ2 ಮಟ್ಟ ಬೇಕಾಗುವುದರಿಂದ, ಬಿ1 ಮುಗಿದ ಬಳಿಕ ಮಾತನಾಡಿಸಿ ತಿದ್ದುವ ಶಿಕ್ಷಕರೊಬ್ಬರನ್ನು ಹುಡುಕಿಕೊಳ್ಳಿ.