ನಿಮ್ಮ ಹಳ್ಳದ ದಂಡೆಯ ಅಪ್ಪೆಮಿಡಿಗೆ ತಳಿ ನೋಂದಣಿ ಮಾಡಿಸುವುದು ಹೇಗೆ?

ಹಳ್ಳದ ದಂಡೆಯಲ್ಲೊಂದು ಅಪ್ಪೆಮಿಡಿಯ ಮರ, ಅಂದರೆ ಎಳೆಗಾಯಿಯನ್ನು ಉಪ್ಪಿನಕಾಯಿಗೆ ಹಾಕುವ ಮಾವು. ಮಿಡಿಯ ತೊಟ್ಟು ಮುರಿದರೆ ಸೊನೆ ಜೀರಿಗೆಯ ಹಾಗೆ ಘಮ್ ಅನ್ನುತ್ತದೆ. ಉಪ್ಪಿನಲ್ಲಿ ಹಾಕಿಟ್ಟರೆ ವರ್ಷಗಟ್ಟಲೆ ಮೆತ್ತಗಾಗುವುದಿಲ್ಲ. ಸಾಗರ, ಹೊಸನಗರದ ಕಡೆ ಇಂಥ ಮರ ಇರುವ ಮನೆಗಳು ಎಷ್ಟೋ. ಯಾರಾದರೂ ಕಸಿಗೆ ಕಡ್ಡಿ ಕೇಳಿದರೆ ನಾವು ಇಲ್ಲ ಅನ್ನುವುದಿಲ್ಲ. ನಮ್ಮ ಮನೆಯಿಂದಲೂ ಹಾಗೆ ಹೋಗಿದೆ. ಕೆಲವು ವರ್ಷಗಳ ಮೇಲೆ ಅದೇ ಗಿಡ ಒಂದು ನರ್ಸರಿಯಲ್ಲಿ ಬೇರೆ ಹೆಸರಿನಲ್ಲಿ ಮಾರಾಟಕ್ಕಿತ್ತು. ಕೊಟ್ಟಿದ್ದಕ್ಕೆ ಬೇಸರವಿಲ್ಲ. ಮರ ಕಾದ ಊರಿನ ಹೆಸರೇ ಅಲ್ಲಿರಲಿಲ್ಲ, ಅದಕ್ಕೆ ಸಂಕಟವಾಯಿತು.

ಇದಕ್ಕೆ ಕಾನೂನಿನಲ್ಲಿ ದಾರಿ ಇದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ರೈತರು ಉಳಿಸಿಕೊಂಡು ಬಂದ ತಳಿಯನ್ನು ಅವರ ಹೆಸರಿನಲ್ಲೇ ನೋಂದಾಯಿಸಬಹುದು. ‘ಅಪ್ಪೆಮಿಡಿಗೆ ಜಿಐ ಸಿಕ್ಕಿದೆಯಲ್ಲ, ಸಾಲದಾ?’ ಎಂದು ಕೇಳುವವರಿದ್ದಾರೆ. ಜಿಐ ಎಂದರೆ ಭೌಗೋಳಿಕ ಸೂಚಕ, ಒಂದು ಸೀಮೆಯ ಬೆಳೆಗಾರರೆಲ್ಲರಿಗೂ ಸೇರಿದ ಹೆಸರು. ನಿಮ್ಮ ಮರದ ತಳಿಯನ್ನು ಅದು ಕಾಯುವುದಿಲ್ಲ.

ಮೊದಲು ಅರ್ಜಿ ಯಾರ ಹೆಸರಿನಲ್ಲಿ ಎಂಬುದನ್ನು ತೀರ್ಮಾನಿಸಿ. ಒಬ್ಬ ರೈತ ಹಾಕಬಹುದು, ಗುಂಪು ಹಾಕಬಹುದು, ಇಡೀ ಸಮುದಾಯವೂ ಹಾಕಬಹುದು. ಮರ ನಿಮ್ಮ ಜಾಗದಲ್ಲಿದ್ದರೂ ಅದರ ಕಸಿ ಕೇರಿಯ ಹತ್ತು ಮನೆಯಲ್ಲಿದ್ದರೆ ಆ ಹತ್ತು ಮನೆಯವರೂ ಸೇರಿ ಹಾಕುವುದೇ ಸರಿ ಎನ್ನುವುದು ನನ್ನ ಮಾತು. ಊರಿನ ತಳಿ ಒಬ್ಬರ ಹೆಸರಿಗೆ ಹೋದರೆ ಮುಂದೆ ಮನಸ್ತಾಪ ತಪ್ಪಿದ್ದಲ್ಲ.

ಆಮೇಲೆ ದಾಖಲೆ. ಜಾಸ್ತಿ ಸಮಯ ಹಿಡಿಯುವುದು ಇಲ್ಲೇ. ಸುಮ್ನೆ ‘ನಮ್ಮ ಮಿಡಿ ರುಚಿ’ ಎಂದರೆ ಯಾರೂ ಒಪ್ಪುವುದಿಲ್ಲ. ಬೇರೆ ಮಿಡಿಗಿಂತ ಇದು ಹೇಗೆ ಬೇರೆ ಎಂದು ತೋರಿಸಬೇಕು. ಚಿಗುರಿನ ಬಣ್ಣ, ಎಲೆಯ ಆಕಾರ, ಹೂ ಬಿಡುವ ಕಾಲ, ಗೊಂಚಲಿನಲ್ಲಿ ಎಷ್ಟು ಮಿಡಿ, ಮಿಡಿಯ ಉದ್ದ ಮತ್ತು ತೂಕ, ಸೊನೆಯ ವಾಸನೆ, ಉಪ್ಪಿನಲ್ಲಿ ಎಷ್ಟು ಕಾಲ ಗಟ್ಟಿಯಾಗಿ ಉಳಿಯುತ್ತದೆ, ಎಲ್ಲವನ್ನೂ ತಾರೀಖು ಹಾಕಿ ಬರೆದಿಡಿ. ಫೋಟೋ ತೆಗೆಯಿರಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಮರದ ಕತೆ ಕೇಳಿ ಬರೆದುಕೊಳ್ಳಿ. 1964ರಲ್ಲಿ ಪೂರ್ತಿಯಾದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಶರಾವತಿ ದಂಡೆಯ ಊರುಗಳನ್ನೇ ಮುಳುಗಿಸಿತು. ಅಲ್ಲಿಂದ ಎದ್ದು ಬಂದವರ ನೆನಪಿನಲ್ಲಿ ಮಾತ್ರ ಉಳಿದ ಮಿಡಿಗಳೂ ಇವೆ ಅಲ್ವಾ?

ತಳಿ ಎಂದರೆ ಒಂದು ಗಿಡದ ಗುಣ ಇನ್ನೊಂದರಲ್ಲೂ ಹಾಗೇ ಇರಬೇಕು. ಮಾವು ವಾಟೆಯಿಂದ (ಗೊರಟೆಯಿಂದ) ಹುಟ್ಟಿದರೆ ತಾಯಿಮರದ ಗುಣ ಬರುತ್ತದೆಂಬ ಭರವಸೆ ಇಲ್ಲ. ಹಾಗಾಗಿ ಕಸಿ ಕಟ್ಟಿಸಿ, ಎರಡು ಮೂರು ಕಡೆ ನೆಡಿಸಿ. ಮಳೆಗಾಲದಲ್ಲಿ ದಂಡೆ ಕುಸಿದು ತಾಯಿಮರ ಹೋದರೂ ತಳಿ ಉಳಿಯುತ್ತದೆ.

ಹೆಸರಿಡುವಾಗ ಒಂದು ಎಚ್ಚರ. ಬರೀ ಅಂಕಿಯ ಹೆಸರು ನಡೆಯುವುದಿಲ್ಲ. ಸ್ಥಳದ ಹೆಸರಿಗೂ ಸಾಮಾನ್ಯವಾಗಿ ಅಡ್ಡಿ ಇದೆ. ನಮ್ಮಲ್ಲಿ ಊರಿನ ಹೆಸರಿನ ಮಿಡಿಗಳು ಬೇಕಾದಷ್ಟು. ಆ ಹೆಸರು ಪ್ರಾಮಾಣಿಕ ಬಳಕೆ ಎಂದು ನೋಂದಣಿ ಅಧಿಕಾರಿಗೆ ಅನಿಸಿದರೆ ಒಪ್ಪಬಹುದು. ಹಳೆಯ ಕಾಲದಿಂದ ಹಾಗೇ ಕರೆಯುತ್ತಿದ್ದೇವೆ ಎಂಬುದಕ್ಕೆ ಸಾಕ್ಷಿ ಜೋಡಿಸಿಡಿ.

ಇನ್ನು ಅರ್ಜಿ. ರೈತರ ತಳಿಗೆಂದೇ ನಮೂನೆ ಇದೆ. ಅದಕ್ಕೆ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಅಧ್ಯಕ್ಷರು ಅಥವಾ ಕಾರ್ಯದರ್ಶಿಯ ದೃಢೀಕರಣ ಬೇಕು. ಜಿಲ್ಲಾ ಕೃಷಿ ಅಧಿಕಾರಿ ಅಥವಾ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ನಿರ್ದೇಶಕರೂ ಮಾಡಿಕೊಡಬಹುದು. ಈ ಕಾಯ್ದೆಯಡಿ ತಳಿ ನೋಂದಾಯಿಸುವ ಪ್ರಾಧಿಕಾರದ ಮುಖ್ಯ ಕಚೇರಿ ದೆಹಲಿಯಲ್ಲಿದ್ದರೂ ಶಾಖಾ ಕಚೇರಿ ನಮ್ಮ ಶಿವಮೊಗ್ಗದಲ್ಲೇ ಇದೆ. ಬೆಂಗಳೂರಿಗೆ ಓಡಬೇಕಿಲ್ಲ. ರೈತರಿಗೆ ಶುಲ್ಕದ ವಿನಾಯಿತಿಯೂ ಇದೆ. ‘ಇಷ್ಟು ಸಾವಿರ ಕೊಡಿ, ಮಾಡಿಸಿಕೊಡುತ್ತೇನೆ’ ಎನ್ನುವವರ ಕೈಗೆ ದಯವಿಟ್ಟು ಸಿಗಬೇಡಿ.

ಪರೀಕ್ಷೆಯಾಗಿ ಅರ್ಜಿ ಸ್ವೀಕಾರವಾದ ಮೇಲೆ ಪ್ರಾಧಿಕಾರದ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಯಾರ ತಕರಾರಿಗಾದರೂ ಮೂರು ತಿಂಗಳ ಅವಕಾಶ. ಇದು ನಿಮಗೂ ಅನ್ವಯ. ನಿಮ್ಮೂರಿನ ಮಿಡಿಯನ್ನು ಇನ್ಯಾರೋ ತಮ್ಮದೆಂದು ಅರ್ಜಿ ಹಾಕಿದ್ದರೆ ಆ ಮೂರು ತಿಂಗಳಲ್ಲೇ ಆಕ್ಷೇಪ ಸಲ್ಲಿಸಬೇಕು.

ನೋಂದಣಿಯಾದರೆ ನೆರೆಮನೆಯವರಿಗೆ ಕಸಿ ಕಡ್ಡಿ ಕೊಡುವುದು ತಪ್ಪಾಗುತ್ತದಾ? ಈ ಭಯ ತುಂಬಾ ಜನರಿಗಿದೆ. 2019ರಲ್ಲಿ ಪೆಪ್ಸಿಕೋ ತನ್ನ ಎಫ್‌ಎಲ್ 2027 ಆಲೂಗಡ್ಡೆ ಬೆಳೆದರೆಂದು ಗುಜರಾತಿನ ರೈತರ ಮೇಲೆ ದಾವೆ ಹೂಡಿತ್ತು, ಆಮೇಲೆ ಹಿಂದಕ್ಕೆ ತೆಗೆದುಕೊಂಡಿತು. ಆ ತಳಿಯ ನೋಂದಣಿಯನ್ನು 2021ರಲ್ಲಿ ಪ್ರಾಧಿಕಾರ ರದ್ದು ಮಾಡಿತು. 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಆ ರದ್ದತಿಯನ್ನು ತಳ್ಳಿಹಾಕಿತು. ಆದರೆ ಕಾಯ್ದೆಯ 39ನೇ ಸೆಕ್ಷನ್ ಹಾಗೇ ಇದೆ. ನೋಂದಣಿಯಾದ ತಳಿಯನ್ನೂ ರೈತ ಉಳಿಸಿಕೊಳ್ಳಬಹುದು, ನೆಡಬಹುದು, ಹಂಚಿಕೊಳ್ಳಬಹುದು, ಮಾರಲೂಬಹುದು. ಬ್ರ್ಯಾಂಡ್ ಹಾಕಿ ಬೀಜ ಮಾರುವಂತಿಲ್ಲ, ಅಷ್ಟೇ.

ಮರದ ಬೆಳೆಗೆ ಪ್ರಮಾಣಪತ್ರದ ಅವಧಿ ಮೊದಲು 9 ವರ್ಷ. ನವೀಕರಿಸಿದರೆ ಒಟ್ಟು 18 ವರ್ಷ. ಸದ್ಯಕ್ಕೆ ಒಂದು ನೋಟ್‌ಬುಕ್ ಸಾಕು. ಈ ಸಲ ಮರ ಹೂ ಬಿಟ್ಟ ದಿನದಿಂದ ಬರೆಯಲು ಶುರು ಮಾಡಿ. ಮಿಡಿ ಕೊಯ್ಯುವವರಿಗೆ ಗೆಲ್ಲು ಕಡಿಯಬೇಡಿ ಎಂದು ಮೊದಲೇ ಹೇಳಿಡಿ.