ಕನಗನಹಳ್ಳಿಯ ಚೂರುಗಳ ಜೊತೆ

ಸ್ತೂಪ ಉಳಿಸುವ ಕೆಲಸ ಅಂದರೆ ದೊಡ್ಡ ಕ್ರೇನು, ದೊಡ್ಡ ಬಂಡೆ ಅಂದುಕೊಂಡೇ ನಾನು ಕನಗನಹಳ್ಳಿಗೆ ಹೋಗಿದ್ದೆ. ಕೈಗೆ ಸಿಕ್ಕಿದ್ದು ಮರಳು ತುಂಬಿದ ಮರದ ಟ್ರೇ, ಮೆತ್ತನೆಯ ಬ್ರಷ್ಷು, ಅಂಗೈಯಗಲದ ಕಲ್ಲಿನ ಚೂರುಗಳ ರಾಶಿ.

ಕಲಬುರಗಿ ಜಿಲ್ಲೆಯ ಸನ್ನತಿಯ ಪಕ್ಕದಲ್ಲೇ, ಭೀಮಾ ನದಿಯ ದಂಡೆಗೆ ಈ ಊರಿದೆ. 1990ರ ದಶಕದಲ್ಲಿ ಇಲ್ಲಿ ಅಗೆದಾಗ ಶಾತವಾಹನರ ಕಾಲದ ಮಹಾಸ್ತೂಪ ಹೊರಬಂತು. ಅದಕ್ಕೆ ಹೊದಿಸಿದ್ದ ಕೆತ್ತನೆಯ ಹಲಗೆಗಳು ಒಡೆದು ಬಿದ್ದಿದ್ದವು. ಒಂದು ಹಲಗೆಯ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದಿದೆ. ಅಶೋಕನ ಚಿತ್ರ ಹೆಸರಿನ ಸಮೇತ ಸಿಕ್ಕಿದ್ದು ಇಲ್ಲೇ. ನನ್ನ ಪಾಲಿಗೆ ರಾಜರು ಯಾರೂ ಬರಲಿಲ್ಲ ಬಿಡಿ. ಅರ್ಧ ತಾವರೆ, ಯಾರದ್ದೋ ಒಂದು ಮೊಣಕಾಲು, ಇಂಥವೇ ಜಾಸ್ತಿ.

ಶುರುವಿನಲ್ಲಿ ಕೆತ್ತನೆ ನೋಡಿ ಜೋಡಿ ಹುಡುಕಿದೆ. ತಾವರೆಗೆ ತಾವರೆ, ಕಾಲಿಗೆ ಕಾಲು. ಮೂರು ದಿನವಾದರೂ ಒಂದೂ ಕೂಡಲಿಲ್ಲ. ಪರ್ಸಿ ಕಲ್ಲಿನಲ್ಲೇ, ಅಂದರೆ ನೆಲಕ್ಕೆ ಹಾಸುವ ಇಲ್ಲಿನ ಸುಣ್ಣಕಲ್ಲಿನಲ್ಲೇ, ಜೀವನ ಕಳೆದಿದ್ದ ಗೌಂಡಿ ಕಾಕಾ ಒಬ್ಬರು ಸುಮ್ನೆ ನೋಡುತ್ತಾ ಕೂತಿದ್ದರು. ಕೊನೆಗೆ ಅವರಿಗೇ ತಡೆಯಲಿಲ್ಲ. “ಬರೇ ಮಾರಿ ಯಾಕ ನೋಡ್ತೀರಿ ಸರ? ಮಗ್ಗಲು ನೋಡ್ರಿ, ಪದರ ಹೇಳ್ತದ.”

ಈ ಕಡೆಯ ಸುಣ್ಣಕಲ್ಲು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುತ್ತದೆ. ಮುರಿದ ಮಗ್ಗುಲಲ್ಲಿ ತೆಳುವಾದ ಗೆರೆಗಳು ಕಾಣುತ್ತವೆ. ಗೆರೆಗಳ ನಡುವಿನ ಅಂತರ, ಚೂರಿನ ದಪ್ಪ, ಹಿಂಬದಿಯ ಉಳಿಯ ಗುರುತು ಯಾವ ಕಡೆ ವಾಲಿದೆ, ಇಷ್ಟನ್ನು ನೋಡಿ ವಿಂಗಡಿಸಿದೆ. ಮಾರನೇ ಬೆಳಗ್ಗೆ ಒಂದೇ ಸಮನೆ ನಾಲ್ಕು ಜೋಡಿ ಸಿಕ್ಕವು. ಸರಿಯಾದ ಜೋಡಿ ಕೂತರೆ ಕೈಗೇ ಗೊತ್ತಾಗುತ್ತದೆ, ಸ್ವಲ್ಪವೂ ಅಲುಗಾಡುವುದಿಲ್ಲ. ಖುಷಿಗೆ ಮತ್ತೆ ಮತ್ತೆ ಕೂಡಿಸಿ ನೋಡಬಾರದು, ಅಷ್ಟೇ. ಪ್ರತಿ ಸಲ ಅಂಚು ಸ್ವಲ್ಪ ಪುಡಿಯಾಗುತ್ತದೆ.

ಆಮೇಲೆ ಅಂಟಿನ ಕಥೆ. ಪ್ಯಾರಲಾಯ್ಡ್ ಬಿ-72 ಅನ್ನುವ ಅಂಟು ಅಸಿಟೋನ್ ಎಂಬ ದ್ರಾವಕದಲ್ಲಿ ಕರಗುತ್ತದೆ. ನಾಳೆ ತಪ್ಪು ಅನಿಸಿದರೆ ಬಿಡಿಸಬಹುದು, ಅದಕ್ಕೇ ಎಲ್ಲರಿಗೂ ಇಷ್ಟ. ಮೊದಲು ಹೊಸ ಪರ್ಸಿಯ ಎರಡು ತುಂಡಿನ ಮೇಲೆ ಪರೀಕ್ಷೆ ಮಾಡಿದೆ. ಏಪ್ರಿಲ್ ತಿಂಗಳು, ತಗಡಿನ ಶೆಡ್ಡು. ಊಟ ಮುಗಿಸಿ ಬರುವಷ್ಟರಲ್ಲಿ ಮೇಲಿನ ತುಂಡು ಬೆರಳಗಲ ಜಾರಿತ್ತು. ಸುಮಾರು 40 ಡಿಗ್ರಿಗೆ ಆ ಅಂಟು ಮೆತ್ತಗಾಗುತ್ತದೆ. ಓದಿದ್ದೆ, ಆದರೆ ಕಲಬುರಗಿಯ ಬೇಸಿಗೆ ಲೆಕ್ಕಕ್ಕೇ ಬಂದಿರಲಿಲ್ಲ! ಪುಣ್ಯಕ್ಕೆ ಅದು ಹಳೆಯ ಕಲ್ಲಲ್ಲ. ಅಂದಿನಿಂದ ಅದನ್ನು ಸಣ್ಣ ಚಕ್ಕೆಗಳಿಗೆ ಮತ್ತು ಚೂರಿನ ಹಿಂದೆ ನಂಬರ್ ಬರೆಯುವ ಜಾಗಕ್ಕೆ ಬಳಿಯುವುದಕ್ಕೆ ಮಾತ್ರ ಇಟ್ಟುಕೊಂಡೆ. ಅದೂ ಬಿಸಿಲೇರುವ ಮೊದಲೇ.

ಭಾರದ ಚೂರುಗಳಿಗೆ ಸ್ಟೀಲ್ ಪಿನ್ ಹಾಕಬೇಕು. ಅಂದರೆ ಕಲ್ಲಿಗೆ ತೂತು. ಡ್ರಿಲ್ ಹಿಡಿದಾಗಲೆಲ್ಲ ನನಗೆ ಸನ್ನತಿಯ ಅಶೋಕನ ಶಾಸನ ನೆನಪಾಗುತ್ತಿತ್ತು. ಹಿಂದೆ ಯಾರೋ ಅದನ್ನು ಕಾಳಿಯ ವಿಗ್ರಹಕ್ಕೆ ಪೀಠ ಮಾಡಿಕೊಂಡು, ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. 1986ರಲ್ಲಿ ಗುಡಿಯ ಚಾವಣಿ ಕುಸಿದ ಮೇಲೆ ಅದು ಶಾಸನ ಅಂತ ಗೊತ್ತಾಯಿತು. ಪೀಠವಾಗಿದ್ದಕ್ಕೇ ಉಳಿಯಿತು ಅಂತಲೂ ವಾದ ಮಾಡಬಹುದು. ಆದರೂ ಹೋದ ಅಕ್ಷರ ಹೋದವೇ ಅಲ್ವಾ?

ಆ ಮೊಣಕಾಲಿಗೆ ಕೊನೆಗೂ ತೊಡೆ ಸಿಕ್ಕಿತು. ನಿಲ್ಲಿಸಬೇಕಾದರೆ ಪಿನ್ ಬೇಕೇ ಬೇಕು. ಕಾಕಾ ಬೆರಳಿನ ಗೆಣ್ಣಿನಿಂದ ಕಲ್ಲು ತಟ್ಟಿ, ಕಿವಿ ಹತ್ತಿರ ತಂದರು. ನಾನೂ ಕೇಳಿದೆ, ಒಂದು ಕಡೆ ಗಟ್ಟಿ ಸದ್ದು, ಇನ್ನೊಂದು ಕಡೆ ಮಂದ. “ಒಳಗ ಪೊಳ್ಳ ಅದ ರೀ. ಡ್ರಿಲ್ ಹಚ್ಚಿದ್ರ ಪದರ ಬಿಡ್ತದ.”

ಎರಡನ್ನೂ ಮರಳಿನ ಮೇಲೆ ಒತ್ತೊತ್ತಿಗೆ ಮಲಗಿಸಿದೆವು. ಓರೆಯಾಗಿ ಟಾರ್ಚ್ ಹಿಡಿದು ಫೋಟೋ ತೆಗೆದೆ. ಚೀಟಿಯಲ್ಲಿ ಬರೆದೆ: ‘ಕೂಡುತ್ತವೆ. ಅಂಟಿಸಿಲ್ಲ.’